ಹಲ್ಲಿನ ಕ್ಲಿಪ್ಪಿನ ತಂತಿ: ‘ಪ್ರೀಮಿಯಂ’ ಅಂದರೆ ಏನು ಪ್ರೀಮಿಯಂ?

ಹಲ್ಲಿಗೆ ಕ್ಲಿಪ್ ಹಾಕಿಸೋಕೆ ಹೋದರೆ ಕೆಲವು ಕ್ಲಿನಿಕ್‌ಗಳಲ್ಲಿ ಮೊಬೈಲ್ ಅಂಗಡಿಯ ಹಾಗೆ ಪ್ಯಾಕೇಜ್‌ಗಳಿರುತ್ತವೆ. ಸಾದಾ ಒಂದು, ಅದರ ಮೇಲೊಂದು, ಅದಕ್ಕೂ ಮೇಲೆ ‘ಪ್ರೀಮಿಯಂ’. ಯಾಕೆ ಅಷ್ಟು ದುಬಾರಿ ಅಂತ ಕೇಳಿದರೆ ಸಿಗುವ ಉತ್ತರಗಳಲ್ಲಿ ಒಂದು: ‘ಇದರ ವೈರ್ ಬೇರೆ, ನೋವು ಕಡಿಮೆ, ಬೇಗ ಮುಗಿಯುತ್ತೆ’. ವೈರ್ ಬೇರೆ ಇರಬಹುದು. ಉಳಿದೆರಡು ಮಾತಿಗೆ ಪುರಾವೆ ತೆಳು. ಇಎಂಐ ಕಟ್ಟೋರು ನಾವೇ ಆದ್ದರಿಂದ ಆ ತಂತಿ ಏನು ಮಾಡುತ್ತೆ ಅಂತ ತಿಳಿದುಕೊಳ್ಳೋಣ.

ಹಲ್ಲಿನ ಮೇಲೆ ಅಂಟಿಸುವ ಬ್ರಾಕೆಟ್ ಬರೀ ಹಿಡಿಕೆ. ಕೆಲಸ ಮಾಡೋದು ಅದರ ಸೀಳಿನಲ್ಲಿ ಕೂರುವ ತಂತಿ. ಬಗ್ಗಿಸಿ ಕಟ್ಟಿದ ತಂತಿ ತನ್ನ ಮೊದಲ ಆಕಾರಕ್ಕೆ ಮರಳಲು ಹಲ್ಲನ್ನು ಎಳೆಯುತ್ತದೆ. ಆ ಎಳೆತಕ್ಕೆ ಹಲ್ಲಿನ ಒಂದು ಪಕ್ಕದ ಮೂಳೆ ಕರಗಿ, ಇನ್ನೊಂದು ಪಕ್ಕ ಹೊಸ ಮೂಳೆ ಬೆಳೆಯುತ್ತದೆ. ಜೋರಾಗಿ ಎಳೆದರೆ ಬೇಗ ಸರಿಯುತ್ತೆ ಅನ್ನೋದು ಸುಳ್ಳು. ಒತ್ತಡ ಹೆಚ್ಚಾದರೆ ಬೇರನ್ನು ಮೂಳೆಗೆ ಹಿಡಿದಿಟ್ಟಿರುವ ಪೊರೆಗೆ ರಕ್ತ ಹರಿಯದೆ ಅಲ್ಲಿನ ಜೀವಕೋಶಗಳು ಸಾಯುತ್ತವೆ, ಹಲ್ಲು ಕೆಲವು ವಾರ ನಿಂತೇಬಿಡುತ್ತದೆ. ಬೇಕಿರೋದು ಹಗುರವಾದ, ಬಿಡದೆ ಇರುವ ಎಳೆತ.

ಸ್ಟೇನ್‌ಲೆಸ್ ಸ್ಟೀಲ್ ಸೋಲೋದು ಇಲ್ಲೇ. ಅದು ಗಡಸು. ಮೊದಲು ಜೋರಾಗಿ ಎಳೆಯುತ್ತೆ, ಹಲ್ಲು ಚೂರು ಸರಿದ ಕೂಡಲೇ ಎಳೆತ ಇಳಿದುಹೋಗುತ್ತೆ. ತುಂಬಾ ಬಗ್ಗಿಸಿದರೆ ಹಾಗೇ ಸೊಟ್ಟಗೆ ಉಳಿಯುತ್ತೆ. ನಿಕಲ್-ಟೈಟಾನಿಯಂ ತಂತಿಯ ಗಡಸುತನ ಸ್ಟೀಲಿನದ್ದರ ಸುಮಾರು ಐದನೇ ಒಂದು ಭಾಗ. ಅದರ ‘ಸೂಪರ್ ಇಲಾಸ್ಟಿಕ್’ ಬಗೆಯನ್ನು ಬಗ್ಗಿಸಿದಾಗ ಒಳಗಿನ ಹರಳುಗಳ ಜೋಡಣೆಯೇ ಬದಲಾಗುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತದೆ. ಹಾಗಾಗಿ ಹಲ್ಲು ಸರಿಯುತ್ತಾ ಹೋದರೂ ಬಹಳ ದೂರದವರೆಗೆ ಎಳೆತ ಹೆಚ್ಚುಕಮ್ಮಿ ಒಂದೇ ಸಮ. ಶಾಖಕ್ಕೆ ಸ್ಪಂದಿಸುವ ಬಗೆಯೂ ಇದೆ: ಐಸ್‌ಕ್ರೀಂ ತಿಂದರೆ ಮೆತ್ತಗಾಗುತ್ತೆ, ಬಿಸಿ ಕಾಫಿಗೆ ಬಿಗಿಯಾಗುತ್ತೆ.

ಇದನ್ನು ಯಾವುದೋ ಹಲ್ಲಿನ ಕಂಪನಿ ಕಂಡುಹಿಡಿದಿದ್ದಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಯ ಮೂತಿಗೆ ಲೋಹ ಹುಡುಕುತ್ತಿದ್ದಾಗ ಸಿಕ್ಕಿದ್ದು. ‘ನಿಟಿನಾಲ್’ ಎಂಬ ಹೆಸರಿನ ಕೊನೆಯ ಮೂರು ಇಂಗ್ಲಿಷ್ ಅಕ್ಷರಗಳು ಆ ಪ್ರಯೋಗಾಲಯದ್ದೇ. 1970ರ ದಶಕದ ಆರಂಭದಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ ಇದನ್ನು ಹಲ್ಲಿಗೆ ತಂದರು. ಆಗಿನ ತಂತಿ ಮೆತ್ತಗಿತ್ತು ಅಷ್ಟೇ, ಸೂಪರ್ ಇಲಾಸ್ಟಿಕ್ ಆಗಿರಲಿಲ್ಲ. ಆ ಗುಣದ ತಂತಿಗಳು 1980ರ ದಶಕದಲ್ಲಿ ಬಂದದ್ದು ಚೀನಾ ಮತ್ತು ಜಪಾನಿನಿಂದ. ಚೀನಾದ್ದು ಬೀಜಿಂಗ್‌ನ ಸರ್ಕಾರಿ ಲೋಹ ಸಂಶೋಧನಾ ಸಂಸ್ಥೆಯ ಕೆಲಸ. ಜನರ ತೆರಿಗೆ ದುಡ್ಡಿನಲ್ಲಿ ಹುಟ್ಟಿದ ವಿಜ್ಞಾನ ಬ್ರ್ಯಾಂಡ್ ಹೆಸರು ಹೊತ್ತು ನಮಗೇ ಮಾರಾಟವಾಗೋದು ಹೊಸದೇನಲ್ಲ ಬಿಡಿ.

ಇಷ್ಟೆಲ್ಲಾ ಗುಣ ಇದ್ದ ಮೇಲೆ ಬೇಗ ಮುಗಿಯಬೇಕಲ್ವಾ? ಲ್ಯಾಬಿನಲ್ಲಿ ಅಳೆದ ಎಳೆತ ಬೇರೆ, ಬಾಯೊಳಗಿನ ಫಲಿತಾಂಶ ಬೇರೆ. ಚಿಕಿತ್ಸೆಯ ಆರಂಭದಲ್ಲಿ ಬಳಸುವ ತಂತಿಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಕಾಕ್ರೇನ್ ವಿಮರ್ಶೆ ಬಂತು. ಹಲ್ಲು ಸಾಲಿಗೆ ಬರುವ ವೇಗ, ನೋವು, ಬೇರು ಸವೆಯುವುದು, ಇದರಲ್ಲಿ ಯಾವುದರಲ್ಲೂ ಒಂದು ಲೋಹ ಇನ್ನೊಂದಕ್ಕಿಂತ ಮೇಲು ಎನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ ಅದು ಹೇಳಿತು. ಹಲವು ಎಳೆ ಹೆಣೆದ ನಿಕಲ್-ಟೈಟಾನಿಯಂ ತಂತಿ ಒಂಟಿ ಎಳೆಯದ್ದಕ್ಕಿಂತ 12 ವಾರದಲ್ಲಿ ಹಲ್ಲನ್ನು ಹೆಚ್ಚು ಸರಿಸಬಹುದು ಅನ್ನೋದಕ್ಕೆ ಮಾತ್ರ ಒಂದಿಷ್ಟು ಆಧಾರ ಸಿಕ್ಕಿತು.

ಇನ್ನೊಂದು ವಿಷಯ. ಸಾಮಾನ್ಯವಾಗಿ ಒಂದೇ ಚಿಕಿತ್ಸೆಯಲ್ಲಿ ಎರಡೂ ಲೋಹ ಬಳಸ್ತಾರೆ: ಸಾಲಿಗೆ ತರೋಕೆ ಸಣ್ಣ ನಿಕಲ್-ಟೈಟಾನಿಯಂ, ಆಮೇಲೆ ಸಂದು ಮುಚ್ಚೋಕೆ ದಪ್ಪ ಸ್ಟೀಲ್. ದಪ್ಪದ ಆಟವೂ ದೊಡ್ಡದು. 0.016 ಇಂಚಿನ ದುಂಡು ತಂತಿ ಅದೇ ಲೋಹದ 0.012 ಇಂಚಿನದ್ದಕ್ಕಿಂತ ಮೂರು ಪಟ್ಟು ಗಡಸು. ಯಾವಾಗ ಯಾವುದನ್ನು ಹಾಕಬೇಕು ಅನ್ನೋದು ಡಾಕ್ಟರ ಕೌಶಲ್ಯ. ಅದಕ್ಕೆ ದುಡ್ಡು ಕೊಡೋದರಲ್ಲಿ ನನ್ನ ತಕರಾರಿಲ್ಲ. ಆದರೆ ‘ಸಾದಾ ಪ್ಯಾಕೇಜಲ್ಲಿ ನಿಕಲ್-ಟೈಟಾನಿಯಂ ತಂತಿ ಇಲ್ವಾ?’ ಅಂತ ಕೇಳಿ.

ನಿಕಲ್ ಅಲರ್ಜಿ ಇರೋರ ಲೆಕ್ಕ ಬೇರೆ. ನಿಕಲ್-ಟೈಟಾನಿಯಂ ತಂತಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್ಲೇ. ಸ್ಟೀಲಿನಲ್ಲೂ ಸುಮಾರು 8% ಇರುತ್ತೆ. ಅಗ್ಗದ ಓಲೆಗೆ ಕಿವಿ ಕೆರೆದು ಕೆಂಪಾಗುತ್ತಿದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿ. ನಿಕಲ್ ಇಲ್ಲದ ಬೀಟಾ-ಟೈಟಾನಿಯಂ ತಂತಿ ಇದೆ. ಅದು ಬ್ರಾಕೆಟ್ಟಿನಲ್ಲಿ ಸ್ಟೀಲಿನಷ್ಟು ಸಲೀಸಾಗಿ ಜಾರಲ್ಲ, ಬೆಲೆಯೂ ಜಾಸ್ತಿ. ಆದರೂ ಈ ಕಾರಣಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಅರ್ಥವಿದೆ. ಬ್ರಾಕೆಟ್ ಯಾವ ಲೋಹದ್ದು ಅಂತಲೂ ಆಗಲೇ ಕೇಳಿಬಿಡಿ.