ಚಿಂತಾಕಿಯ ಪಿಕಪ್ ಗಾಡಿಗಳೂ ಭಾರದ ಗಣಿತವೂ

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪವಾಗಿರುವ ಚಿಂತಾಕಿಯ ಸುತ್ತಣ ಹಳ್ಳಿಗಳಲ್ಲಿ, ಉದ್ದು, ಹೆಸರು, ಸೋಯಾಬೀನ್, ತೊಗರಿಗಳ ರಾಶಿ ಮುಗಿದ ಬಳಿಕ ಚೀಲಗಳನ್ನು ಹೊಲದ ಬದುವಿನಿಂದೆತ್ತಿ ಬೀದರದ ಗಾಂಧಿ ಗಂಜಿಗೆ ಮುಟ್ಟಿಸುವ ಕಾರ್ಯವು, ಹಿಂದೆ ದೇವಣಿ ಎತ್ತುಗಳ ಹೆಗಲಿನ ಮೇಲಿದ್ದುದು, ಈಗ ಬಹುಮಟ್ಟಿಗೆ ಪಿಕಪ್ ಗಾಡಿಗಳ ಪಾಲಿಗೆ ಬಂದಿದೆ. ಈ ಗಾಡಿಗಳ ಮಾಲಕರು ಗ್ಯಾರೇಜಿನ ಮುಂದೆ ಕುಳಿತು, ಯಾವ ಇಂಜಿನ್ ಹೆಚ್ಚು ಜಗ್ಗುತ್ತದೆ, ಹಿಂದಕ್ಕೆ ಎಷ್ಟು ಪಾಟಾ, ಎಂದರೆ ಕಮಾನಿನ ಪಟ್ಟಿ, ಹಾಕಿಸಬೇಕು, ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬಹುದೆ ಎಂದು ವಾದಿಸುವುದನ್ನು ಆಲಿಸಿದವನಿಗೆ, ಬಲವಿಜ್ಞಾನದ ಒಂದು ಅಧ್ಯಾಯವೇ ಅಲ್ಲಿ ಅನುಭವದ ಭಾಷೆಯಲ್ಲಿ ಪಠಿಸಲ್ಪಡುತ್ತಿರುವಂತೆ ತೋರುತ್ತದೆ. ಆ ಅಭಿಪ್ರಾಯಗಳಲ್ಲಿ ಬಹುಪಾಲು ಶಾಸ್ತ್ರಸಮ್ಮತವಾದವು. ತಪ್ಪಿದ ಕೆಲವು ಮಾತ್ರ ಜೀವಕ್ಕೆ ಸಂಬಂಧಿಸಿದವು. ಆದುದರಿಂದ ಅವನ್ನು ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ಮೊದಲು ಇಂಜಿನ್ನಿನ ಮಾತು. 2005ರಲ್ಲಿ ಬಂದ ಟಾಟಾ ಏಸ್, ಜನರ ಬಾಯಲ್ಲಿ ‘ಛೋಟಾ ಹಾಥಿ’, 702 ಸಿ.ಸಿ.ಯ ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಯಂತ್ರದಿಂದಲೇ ಮುಕ್ಕಾಲು ಟನ್ ಹೊತ್ತಿತು. ಬಹುಕಾಲದಿಂದ ರೂಢಿಯಲ್ಲಿರುವ ಬೊಲೆರೊ ಪಿಕಪ್ಪಿನ 2523 ಸಿ.ಸಿ. ಇಂಜಿನ್ನಿಗಾದರೋ ಸುಮಾರು 75 ಅಶ್ವಶಕ್ತಿ. ಅಷ್ಟೇ ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ ತುಂಬಿದ ಗಾಡಿಯನ್ನು ಏರಿಸಲಾರದೆ ಏದುಸಿರು ಬಿಡುವಾಗ ಈ ಡೀಸೆಲ್ ಗಾಡಿ ನಿರಾಯಾಸವಾಗಿ ಏರುವುದೇಕೆ? ಜಗ್ಗುವ ಗುಣವು ಅಶ್ವಶಕ್ತಿಗಿಂತ ಹೆಚ್ಚಾಗಿ ತಿರುಗುಬಲವನ್ನು, ಎಂದರೆ ಟಾರ್ಕನ್ನು, ಅವಲಂಬಿಸಿದೆ; ಆ ಬಲವು ಎಷ್ಟು ನಿಧಾನ ವೇಗದಲ್ಲಿ ದೊರೆಯುತ್ತದೆಂಬುದನ್ನೂ ಅವಲಂಬಿಸಿದೆ. ಈ ಇಂಜಿನ್ನು ತನ್ನ ಪೂರ್ಣ 200 ನ್ಯೂಟನ್-ಮೀಟರ್ ತಿರುಗುಬಲವನ್ನು ನಿಮಿಷಕ್ಕೆ ಸುಮಾರು 1400ರಿಂದ 2200 ಸುತ್ತುಗಳೊಳಗೇ ಒದಗಿಸುತ್ತದೆ. ಉದ್ದನೆಯ ಹಾರೆಯ ತುದಿ ಹಿಡಿದವನು ಬಂಡೆಯನ್ನು ಮೀಟುವಂತೆ, ಕೆಳಗಿನ ಗೇರು ಚಕ್ರದ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಗೇರುಗಳ ಒಟ್ಟು ಗುಣಕವನ್ನು 20 ಎಂದೂ ಚಕ್ರದ ತ್ರಿಜ್ಯವನ್ನು ಮೂರನೆಯ ಒಂದು ಮೀಟರ್ ಎಂದೂ ಇಟ್ಟುಕೊಂಡರೆ, ನೆಲವನ್ನು ತಳ್ಳುವ ಬಲ ಸುಮಾರು 12,000 ನ್ಯೂಟನ್. ಗೇರುಗಳ ಘರ್ಷಣೆಯಲ್ಲಿ ಕಳೆದುಹೋಗುವುದನ್ನು ಬಿಟ್ಟರೂ 10,000ಕ್ಕೆ ಕಡಮೆಯಿಲ್ಲ. ಒಟ್ಟು ಮೂರು ಟನ್ ತೂಕದ ಗಾಡಿ ಹತ್ತಕ್ಕೆ ಒಂದರಂತೆ ಏರುವ ದಾರಿಯಲ್ಲಿ ಬೇಡುವುದು ಹೆಚ್ಚುಕಡಿಮೆ 2,900 ನ್ಯೂಟನ್ ಮಾತ್ರ. ಮಾಂಜ್ರಾ ನದಿಯನ್ನು ದಾಟಿ ಬೀದರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯನ್ನು ಏರುವುದು ಇಂಜಿನ್ನಿಗೆ ದೊಡ್ಡ ಪರೀಕ್ಷೆಯೇ ಅಲ್ಲ.

ನಿಜವಾದ ಪರೀಕ್ಷೆ ಹೊಲದಲ್ಲಿದೆ. ಕಪ್ಪುಶಿಲೆಯ ಸವಕಳಿಯಿಂದಾದ ಇಲ್ಲಿನ ಎರೆಮಣ್ಣು ನೀರು ಕುಡಿದು ಉಬ್ಬುವ ಸೂಕ್ಷ್ಮ ಜೇಡಿಕಣಗಳಿಂದ ತುಂಬಿದೆ. ಡಾಂಬರಿನ ಮೇಲೆ ಮೂರು ಟನ್ ಗಾಡಿಯ ಉರುಳುವಿಕೆಗೆ ಎದುರಾಗುವ ತಡೆ ನಾಲ್ಕೈದು ನೂರು ನ್ಯೂಟನ್ನಾದರೆ, ತೊಯ್ದ ಎರೆಯಲ್ಲಿ ಅದು ಹತ್ತು ಮಡಿಗೂ ಮೀರಬಹುದು. ಆಗಲೂ ಸೋಲುವುದು ಇಂಜಿನ್ನಲ್ಲ, ಟಾಯರಿನ ಹಿಡಿತ. ಜಾರುವ ನೆಲವು ಎಷ್ಟು ಬಲವನ್ನು ಹಿಡಿದುಕೊಳ್ಳಬಲ್ಲುದೋ ಅದಕ್ಕಿಂತ ಹೆಚ್ಚನ್ನು ಯಾವ ಇಂಜಿನ್ನೂ ನೆಲಕ್ಕೆ ದಾಟಿಸಲಾರದು; ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಕುಣಿ ತೋಡುತ್ತದೆ. ಖಾಲಿ ಪಿಕಪ್ಪಿನ ಹಿಂಬದಿ ಹಗುರಾದುದರಿಂದಲೂ ಎಳೆಯುವ ಚಕ್ರಗಳು ಹಿಂದಿನವೇ ಆದುದರಿಂದಲೂ, ಮಳೆಗಾಲದಲ್ಲಿ ನಾಲ್ಕು ಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಇಟ್ಟುಕೊಂಡೇ ಹೊಲಕ್ಕಿಳಿಯುವ ಅನುಭವಿ ಡ್ರೈವರನ ಕ್ರಮ ಘರ್ಷಣೆಯ ನಿಯಮಕ್ಕೆ ಅಕ್ಷರಶಃ ಒಪ್ಪುತ್ತದೆ.

ಇನ್ನು ಮಾರ್ಪಾಟುಗಳು. ಚೀಲ ಹೇರುವಾಗ ಮಾಲಕನು ಬಗ್ಗಿ, ಹಿಂದಿನ ಅಚ್ಚಿಗೂ ಚಾಸಿಯ ಕೆಳಗಣ ರಬ್ಬರಿನ ಗುಬ್ಬಿಗೂ ನಡುವೆ ಬೆರಳುಗಳನ್ನಿಟ್ಟು ನೋಡುತ್ತಾನೆ: ನಾಲ್ಕು ಬೆರಳು ಹಿಡಿದರೆ ಇನ್ನೂ ಹೇರಬಹುದು, ಎರಡಕ್ಕಿಳಿದರೆ ಸಾಕು. ಕಮಾನಿನ ಬಾಗುವಿಕೆ ಭಾರಕ್ಕೆ ಅನುಪಾತವಾಗಿರುವುದರಿಂದ ಈ ಬೆರಳಳತೆ ಒಂದು ಯಥಾರ್ಥವಾದ ತಕ್ಕಡಿ. ಆದರೆ ಗ್ಯಾರೇಜಿನಲ್ಲಿ ಎರಡು ಪಾಟಾ ಹೆಚ್ಚಿಗೆ ಸೇರಿಸಿದೊಡನೆ ಆ ತಕ್ಕಡಿ ಸುಳ್ಳು ಹೇಳತೊಡಗುತ್ತದೆ. ಕಮಾನು ಗಡುಸಾಯಿತು, ಗಾಡಿ ಕುಗ್ಗಲಿಲ್ಲ; ಅಚ್ಚು, ಬೇರಿಂಗು, ಟಾಯರು, ಬ್ರೇಕುಗಳಾದರೋ ಹಿಂದಿನವೇ. ಅಲ್ಲದೆ ಖಾಲಿಯಾಗಿ ಹಿಂದಿರುಗುವಾಗ ಗಡುಸಾದ ಹಿಂಬದಿ ತಗ್ಗುದಿಣ್ಣೆಗಳಲ್ಲಿ ಪುಟಿದು, ಚಕ್ರವು ಕ್ಷಣಕ್ಷಣಕ್ಕೂ ನೆಲವನ್ನು ಬಿಡುತ್ತದೆ. ದೊಡ್ಡ ಟಾಯರಿನ ಮೋಹವೂ ಇಂಥದೇ: ತ್ರಿಜ್ಯ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ನೆಲಕ್ಕೆ ದೊರೆಯುವ ಬಲ ಒಂಬತ್ತರಷ್ಟು ತಗ್ಗುತ್ತದೆ, ಮೀಟರು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಮೆಯಾಗಿರುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ಗಾಡಿಯ ಮೂಲ ಲಕ್ಷಣಗಳನ್ನು ಬದಲಿಸದಂತೆ ನಿರ್ಬಂಧಿಸಿರುವುದಕ್ಕೆ ಇಂಥ ಕಾರಣಗಳಿವೆ.

ಹಳೆಯ ಇಂಜಿನ್ನೇ ಗಟ್ಟಿ ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಪ್ರದರ್ಶಿಸಿದ ತತ್ತ್ವವೇ ಇಂದಿಗೂ ನಡೆಯುತ್ತಿದೆ: ಗಾಳಿಯನ್ನು ಬಲವಾಗಿ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿ ಕಾಯುತ್ತದೆ, ಚಿಮ್ಮಿದ ಎಣ್ಣೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಹಳೆಯ ಇಂಜಿನ್ನಿನ ಡೀಸೆಲ್ ಪಂಪನ್ನು ಹಳ್ಳಿಯ ಮೇಸ್ತ್ರಿಯೇ ಬಿಚ್ಚಿ ಸರಿಮಾಡಬಹುದಾಗಿತ್ತು. ಆ ಸೌಲಭ್ಯ ಹೋದುದು ನಷ್ಟವೇ ಸರಿ. ಆದರೆ ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆ ಹೆಚ್ಚಿಸಿದಾಗ ಹೊರಡುವ ಕಪ್ಪು ಹೊಗೆಯನ್ನು ಶಕ್ತಿಯ ಚಿಹ್ನೆಯೆಂದು ತಿಳಿಯುವುದು ಸಲ್ಲದು. ಗಾಳಿ ಸಾಲದೆ ಉರಿಯದೆ ಉಳಿದ ಇಂಗಾಲವದು, ಹಣ ಕೊಟ್ಟು ಕೊಂಡ ಡೀಸೆಲ್ಲು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನಗಳ ಹೊಗೆಯನ್ನು ಮಿತಿಗೊಳಿಸುವ ಬಿ.ಎಸ್.-6 ನಿಯಮವು ಈ ಮಸಿಯನ್ನು ಹಿಡಿದು ಸುಡುವ ಸಾಧನಗಳನ್ನು ಸೈಲೆನ್ಸರಿನ ದಾರಿಯಲ್ಲಿಟ್ಟಿತು. ಹಿಡಿದ ಮಸಿ ಸುಡಲು ಸುಮಾರು 600 ಡಿಗ್ರಿ ಉಷ್ಣತೆ ಬೇಕು. ಸದಾ ಹೊಲದಿಂದ ಊರಿಗೆ ಎರಡು ಮೂರು ಮೈಲಿ ಮಾತ್ರ ಓಡುವ ಗಾಡಿಯಲ್ಲಿ ಅದು ಒದಗದೆ ಮಸಿ ಹಿಡಿಯುವ ಜರಡಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ದೂರ ಓಡಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ಶಮನವಾಗುತ್ತದೆ.

ನನಗೆ ಅತ್ಯಂತ ಆತಂಕವನ್ನುಂಟುಮಾಡುವುದು ಇಳಿಜಾರಿನ ವಿಚಾರ. “ಗಾಡಿ ಜಗ್ತದ್ರೀ, ಇನ್ನೂ ಹತ್ತು ಚೀಲ ಹಾಕ್ರಿ” ಎಂಬ ಮಾತು ಏರಿನ ಮಟ್ಟಿಗೆ ಸತ್ಯ. ಆದರೆ ಗಂಜಿನಿಂದ ಗೊಬ್ಬರ, ಸಿಮೆಂಟುಗಳನ್ನು ಹೇರಿಕೊಂಡು ಮಾಂಜ್ರಾ ಕಣಿವೆಯತ್ತ ಇಳಿಯುವಾಗ ಲೆಕ್ಕವೇ ಬೇರೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಮೂರು ಟನ್ನಿನ ಗಾಡಿ ಗಂಟೆಗೆ 40 ಕಿಲೋಮೀಟರಿನಲ್ಲಿ ಹೊಂದಿರುವ 1.85 ಲಕ್ಷ ಜೌಲ್ ಶಕ್ತಿ, 60 ಕಿಲೋಮೀಟರಿಗೆ 4.17 ಲಕ್ಷವಾಗುತ್ತದೆ, ಇನ್ನೊಂದು ಟನ್ ಹೇರಿದರೆ 5.56 ಲಕ್ಷ. ಇದಷ್ಟೂ ಬ್ರೇಕಿನ ಡ್ರಮ್ಮು, ಲೈನರುಗಳಲ್ಲಿ ಶಾಖವಾಗಬೇಕು. ಮಿತಿಮೀರಿ ಕಾದ ಲೈನರಿನ ಘರ್ಷಣೆ ಕುಗ್ಗುತ್ತದೆ; ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಿರಿಯ ಡ್ರೈವರುಗಳ ನಿಯಮ ಇಂಜಿನ್ನಿನ ಒಳಘರ್ಷಣೆಯನ್ನೇ ತಡೆಯಾಗಿಸುವ ಉಪಾಯ. ಇದಕ್ಕೆ ವಿರುದ್ಧವಾಗಿ, ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಬಿಡುವ ಪದ್ಧತಿ ಅಪಾಯಕರವೂ ಹೌದು, ವ್ಯರ್ಥವೂ ಹೌದು: ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಣ್ಣೆಯ ಸರಬರಾಜೇ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಾದರೋ ಇಂಜಿನ್ ತಾನು ತಿರುಗುತ್ತಿರಲೆಂದೇ ಎಣ್ಣೆ ಕುಡಿಯುತ್ತದೆ.

ಎಳೆಯುವ ಕೆಲಸದಲ್ಲಿ ಪಿಕಪ್ಪಿಗಿಂತ ಟ್ರ್ಯಾಕ್ಟರಿಗೇ ಈ ನಾಡಿನಲ್ಲಿ ಅಗ್ರಸ್ಥಾನ. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿಯ ಕಡೆ ಅದರ ಹಿಂದೆ ಟ್ರಾಲಿಗಳ ಮೆರವಣಿಗೆಯೇ ಸಾಗುತ್ತದೆ. ಒಂದೇ ಅಚ್ಚಿನ ಟ್ರಾಲಿಯಲ್ಲಿ ಹೇರು ಹಿಂದಕ್ಕೆ ವಾಲಿದರೆ ಮುಂದಿನ ಹುಕ್ಕು ಮೇಲೆದ್ದು, ಟ್ರ್ಯಾಕ್ಟರಿನ ಹಿಂಚಕ್ರಗಳ ಹಿಡಿತ ತಗ್ಗಿ, ಟ್ರಾಲಿ ಅತ್ತಿತ್ತ ಓಲಾಡತೊಡಗುತ್ತದೆ. ಆದ್ದರಿಂದ ಭಾರವು ಅಚ್ಚಿನಿಂದ ತುಸು ಮುಂದಕ್ಕಿರಬೇಕು. ಎರೆಯಲ್ಲಿ ಹುಗಿದ ಪಿಕಪ್ಪನ್ನು ಟ್ರ್ಯಾಕ್ಟರಿನಿಂದ ಎಳೆಸುವಾಗ ಹಗ್ಗವನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ, ಚಕ್ರ ತಿರುಗದಿದ್ದಾಗ ತಿರುಗುಬಲವು ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲೆದ್ದು ಅದು ಹಿಂದಕ್ಕೆ ಮಗುಚಲು ಒಂದೆರಡು ಕ್ಷಣ ಸಾಕು. ಹಗ್ಗ ಕೆಳಗಣ ಹುಕ್ಕಿಗೇ ಇರಬೇಕು. ಇಂಜಿನ್ ನಿಂತ ಪಿಕಪ್ಪಿನೊಳಗೆ ಸ್ಟಿಯರಿಂಗ್ ಹಿಡಿದು ಕುಳಿತವನಿಗೂ ಒಂದು ಮಾತು ತಿಳಿದಿರಬೇಕು: ಬ್ರೇಕಿಗೆ ನೆರವಾಗುವ ನಿರ್ವಾತವನ್ನು ಇಂಜಿನ್ನೇ ಉತ್ಪಾದಿಸುವುದರಿಂದ ಎರಡು ಮೂರು ಒತ್ತುಗಳ ಬಳಿಕ ಪೆಡಲ್ ಕಲ್ಲಿನಂತೆ ಗಡುಸಾಗುತ್ತದೆ, ಆಗ ಇಡೀ ಕಾಲಿನ ಬಲವನ್ನು ಹಾಕಿ ತುಳಿಯಬೇಕು, ರಸ್ತೆಯ ಮೇಲೆ ದೂರ ಎಳೆಯುವುದಿದ್ದರೆ ಹಗ್ಗಕ್ಕೆ ಬದಲಾಗಿ ಕಬ್ಬಿಣದ ಸರಳನ್ನೇ ಜೋಡಿಸಬೇಕು.