ಕೆಂಡದ ಮೇಲಿನ ಪರಿಮಳ

ಇಂಗ್ಲಿಷಿನ ‘ಪರ್ಫ್ಯೂಮ್’ ಎಂಬ ಪದದ ಮೂಲವಾದ ಲ್ಯಾಟಿನ್ ಮಾತಿಗೆ ‘ಹೊಗೆಯ ಮೂಲಕ’ ಎಂಬ ಅರ್ಥವಿದೆ. ಇಂದು ಆ ಪದ ಕಿವಿಗೆ ಬಿದ್ದರೆ ನೆನಪಾಗುವುದು ಗಾಜಿನ ಸೀಸೆಯೇ ಹೊರತು ಹೊಗೆಯಲ್ಲ. ಆದರೆ ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ, ಮಾನ್ವಿ, ದೇವದುರ್ಗ, ಮಸರಕಲ್ ಮೊದಲಾದ ಊರುಗಳ ಬದುಕಿನಲ್ಲಿ, ಪರಿಮಳವು ಇಂದಿಗೂ ಬಹುಮಟ್ಟಿಗೆ ಕೆಂಡದ ಮೇಲಿನಿಂದಲೇ ಏಳುತ್ತದೆ. ಮನೆಯ ಸುವಾಸನೆ ಎಂಬುದು ದೊಡ್ಡ ನಗರದ ಅಂಗಡಿಯಿಂದ ಬರುವ ಹೊಸ ಸರಕು ಎಂದು ಭಾವಿಸುವವರು ಈ ಸೀಮೆಯ ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ಸಾಕು, ಅರಬ್ಬರ ಹಡಗು, ಸುಮಾತ್ರಾದ ಕಾಡು, ಕಲ್ಯಾಣದ ಆಸ್ಥಾನ ಎಲ್ಲವೂ ಅಡುಗೆಮನೆಯ ಗೂಡಿನಲ್ಲೇ ಸಿಗುತ್ತವೆ.

‘ಊದುಬತ್ತಿ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಇದರಲ್ಲಿರುವ ‘ಊದು’ ಬಾಯಿಂದ ಊದುವ ಕನ್ನಡದ ಕ್ರಿಯಾಪದವಲ್ಲ. ಅರಬ್ಬಿಯಲ್ಲಿ ಮರ ಎಂದೂ, ವಿಶೇಷವಾಗಿ ಅಗರು ಮರದ ಸುವಾಸನೆಯ ತಿರುಳು ಎಂದೂ ಅರ್ಥವಿರುವ ‘ಊದ್’ ಅದು. ಈಶಾನ್ಯ ಭಾರತದ ಅಗರು ಮರಕ್ಕೆ ಶಿಲೀಂಧ್ರದ ಸೋಂಕು ತಗುಲಿದಾಗ ಮರವು ತನ್ನ ರಕ್ಷಣೆಗಾಗಿ ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ, ಆ ರಾಳ ತುಂಬಿದ ತಿರುಳೇ ಜಗತ್ತಿನ ಅತಿ ದುಬಾರಿ ಸುಗಂಧಗಳಲ್ಲಿ ಒಂದಾಗುತ್ತದೆ. ‘ಬತ್ತಿ’ ಸಂಸ್ಕೃತದ ‘ವರ್ತಿ’ಯಿಂದ ಬಂದದ್ದು. ಹೀಗೆ ದಿನವೂ ದೇವರ ಮುಂದೆ ಹಚ್ಚುವ ಒಂದು ಕಡ್ಡಿಯ ಹೆಸರಿನಲ್ಲಿ ಅರಬ್ಬಿ ಮತ್ತು ಸಂಸ್ಕೃತ ಕೂಡಿಕೊಂಡಿವೆ. ‘ಗುಲಾಬಿ’ಯ ಕಥೆ ಇನ್ನೂ ಸೊಗಸಾದದ್ದು: ಪಾರಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು, ಆದ್ದರಿಂದ ‘ಗುಲಾಬ್’ ಎಂದರೆ ಪನ್ನೀರು, ಕನ್ನಡಿಗರು ನೀರಿನ ಹೆಸರನ್ನು ಹೂವಿಗೇ ಇಟ್ಟುಕೊಂಡರು.

ಲೋಬಾನದ ಹಾದಿಯೂ ಇಂಥದೇ. ಅರಬ್ಬಿಯ ‘ಲುಬಾನ್’ ಮೂಲತಃ ಅರೇಬಿಯಾ ಮತ್ತು ಪೂರ್ವ ಆಫ್ರಿಕಾದ ಮರವೊಂದರ ಅಂಟಿನ ಹೆಸರು. ಸುಮಾತ್ರಾದ ಸ್ಟೈರಾಕ್ಸ್ ಮರದ ಅಂಟನ್ನು ಅರಬ್ ವರ್ತಕರು ‘ಲುಬಾನ್ ಜಾವಿ’, ಅಂದರೆ ಜಾವಾದ ಲೋಬಾನ ಎಂದು ಕರೆದರು, ಆ ಹೆಸರೇ ಯುರೋಪಿನವರ ಬಾಯಲ್ಲಿ ಸವೆದು ‘ಬೆಂಜೊಯಿನ್’ ಆಯಿತು, ಮುಂದೆ ರಸಾಯನಶಾಸ್ತ್ರದ ‘ಬೆಂಜೀನ್’ ಎಂಬ ಪದಕ್ಕೂ ಅದೇ ಬೇರಾಯಿತು. ಇಂದು ನಮ್ಮ ಕಿರಾಣಿ ಅಂಗಡಿಗಳಲ್ಲಿ ಲೋಬಾನವೆಂದು ಮಾರಾಟವಾಗುವ ಬಿಳಿ, ಕಂದು ಮಚ್ಚೆಗಳ ಹರಳು ಹೆಚ್ಚಾಗಿ ಈ ಎರಡನೆಯ ಬಗೆಯದು.

ಈ ಹರಳು ಉತ್ತರ ಕರ್ನಾಟಕದ ಮನೆಗಳಲ್ಲಿ ಅತ್ಯಂತ ಆಪ್ತವಾಗಿ ಬಳಕೆಯಾಗುವುದು ಬಾಣಂತಿಯ ಕೋಣೆಯಲ್ಲಿ. ನೆತ್ತಿಗೆ ಎಣ್ಣೆ ಹಾಕಿ ಬಿಸಿನೀರು ಎರೆದ ಮೇಲೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಗೆಯನ್ನು ಸರಿಸಿ, ಅದರ ಮೇಲೆ ಲೋಬಾನದ ಪುಡಿಯನ್ನೂ ಒಂದು ಚಿಟಿಕೆ ಅಜಿವಾನವನ್ನೂ ಬೆಳ್ಳುಳ್ಳಿ ಸಿಪ್ಪೆಯನ್ನೂ ಉದುರಿಸುತ್ತಾರೆ. ಒದ್ದೆ ಕೂದಲನ್ನು ಹರವಿ ಆ ಹೊಗೆಯಲ್ಲಿ ಆರಿಸುತ್ತಾರೆ. ಕೂದಲು ಆರುವುದೂ ಮೈ ಬೆಚ್ಚಗಾಗುವುದೂ ಸುವಾಸನೆ ಹಿಡಿಯುವುದೂ ಒಟ್ಟಿಗೇ ನಡೆಯುವ ಈ ಕ್ರಮದಲ್ಲಿ ಮನೆಯ ಹಿರಿಯ ಹೆಂಗಸರ ಕೈಯ ಹದವೇ ಅಳತೆ: ಕೆಂಡ ಜೋರಾದರೆ ಲೋಬಾನ ಸುಟ್ಟು ಕಮಟು ವಾಸನೆ ಬರುತ್ತದೆ, ಬೂದಿ ಮುಚ್ಚಿದ ಕೆಂಡದ ಮೇಲೆ ಅದು ಕರಗಿ ನಿಧಾನವಾಗಿ ಸುವಾಸನೆ ಬಿಡುತ್ತದೆ. ಎಳೆಗೂಸಿನ ಪುಪ್ಪುಸಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲವೆಂದು ಇಂದಿನ ವೈದ್ಯರು ಹೇಳುವ ಮಾತನ್ನು ಮನೆಯವರು ಕೇಳಲೇಬೇಕು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸನ್ನು ಹೊಗೆಗೆ ಹಿಡಿಯುವುದನ್ನು ಬಿಡಲೇಬೇಕು. ಹಾಗೆಂದು ಆ ಕೈಗಳ ಹದವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ಅದೇ ಕೆಂಡ ಬೀದಿಗೂ ಬರುತ್ತದೆ. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಯ ಸಂದರ್ಭದಲ್ಲಿ ಹೊರಡುವ ಗುಗ್ಗಳದಲ್ಲಿ ಬೆಂಕಿಯ ಕೊಡಗಳನ್ನು ಹೊತ್ತು ನಡೆಯುತ್ತಾರೆ, ಪುರವಂತರು ಒಡಪು ಹೇಳುತ್ತ ಮುಂದೆ ಸಾಗುತ್ತಾರೆ. ಆಚರಣೆಗೆ ಹೆಸರು ಕೊಟ್ಟ ಗುಗ್ಗುಳವೆಂದರೆ ರಾಜಸ್ಥಾನ, ಗುಜರಾತಿನಂಥ ಒಣ ನೆಲದಲ್ಲಿ ಬೆಳೆಯುವ ಮುಳ್ಳುಪೊದೆಯ ಅಂಟು. ಮಿತಿಮೀರಿದ ಕೊಯ್ಲಿನಿಂದಾಗಿ ಆ ಗಿಡ ಇಂದು ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಇನ್ನು ಮೊಹರಂ ಬಂದರೆ, ಜಿಲ್ಲೆಯಲ್ಲಿ ಮುದಗಲ್ಲಿನಿಂದ ಹಿಡಿದು ಸಣ್ಣ ಹಳ್ಳಿಗಳವರೆಗೆ, ಅಲಾಯಿ ದೇವರ ಮುಂದೆ ಎಲ್ಲ ಜಾತಿ ಧರ್ಮದವರೂ ನಿಂತು ಊದು ಹಾಕಿಸಿ ಸಕ್ಕರೆ ಓದಿಸುತ್ತಾರೆ. ಉರುಸಿನ ಮೊದಲ ದಿನಕ್ಕೆ ‘ಗಂಧ’ ಎಂದೇ ಹೆಸರು, ಅಂದು ದರ್ಗಾಕ್ಕೆ ಮೆರವಣಿಗೆಯಲ್ಲಿ ಹೋಗುವುದು ಶ್ರೀಗಂಧದ ಲೇಪ. ಪರಿಮಳವು ಗುಡಿ ದರ್ಗಾಗಳ ಗೋಡೆಯನ್ನು ಲೆಕ್ಕಿಸದೆ ಹರಡುತ್ತದೆ ಎಂಬುದು ಇಲ್ಲಿ ಕವಿಯ ಉತ್ಪ್ರೇಕ್ಷೆಯಲ್ಲ, ಪ್ರತಿ ವರ್ಷ ಕಣ್ಣಿಗೆ ಕಾಣುವ ಸಂಗತಿ.

ಈ ಬಳಕೆಯ ಹಿಂದೆ ಬರಹದ ಪರಂಪರೆಯೂ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ವು ಅಂತರ್ಜಲ ಹುಡುಕುವುದು, ಮರಗಿಡಗಳ ಆರೈಕೆ, ಅಡುಗೆ ಮೊದಲಾದವುಗಳ ಜೊತೆಯಲ್ಲೇ ಸುಗಂಧದ್ರವ್ಯಗಳ ತಯಾರಿಕೆಯನ್ನೂ ಹೇಳುತ್ತದೆ. ಸುಗಂಧವನ್ನು ಬಾವಿ ಮತ್ತು ಅಡುಗೆಯ ಸಾಲಿನಲ್ಲಿ ಇಟ್ಟದ್ದೇ ಆ ಗ್ರಂಥದ ದೊಡ್ಡತನ, ಏಕೆಂದರೆ ಅಲ್ಲಿ ಅದು ಅರಸರ ಭೋಗಕ್ಕಿಂತ ಹೆಚ್ಚಾಗಿ ಒಕ್ಕಲು ಮನೆಗೆ ಬೇಕಾದ ತಿಳಿವಳಿಕೆ. ನೂರು ವರ್ಷಗಳ ಅನಂತರ ಅದೇ ಚಾಲುಕ್ಯ ಮನೆತನದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಧೂಪವನ್ನು ಪುಡಿ, ಉಂಡೆ ಮತ್ತು ಬತ್ತಿ ಎಂಬ ರೂಪಗಳಲ್ಲಿ ವಿವರಿಸಿತು. 1565ರ ಬಳಿಕ ರಾಯಚೂರು ಬಿಜಾಪುರದ ಆದಿಲ್‌ಶಾಹಿಗಳ ಪಾಲಾಯಿತು. ಆ ಮನೆತನದ ಎರಡನೆಯ ಇಬ್ರಾಹಿಂನಿಗಾಗಿ (ಆಳ್ವಿಕೆ 1580–1627) ನಿಜಾಮುದ್ದೀನ್ ಮಹಮೂದ್ ಎಂಬಾತ ಪಾರಸಿಯಲ್ಲಿ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧಗ್ರಂಥವನ್ನೇ ರಚಿಸಿದ. ಕನ್ನಡ, ಸಂಸ್ಕೃತ, ಪಾರಸಿ ಮೂರರಲ್ಲೂ ಸುಗಂಧದ ಶಾಸ್ತ್ರ ಬರೆಸಿದ ಆಳ್ವಿಕೆಗಳ ನೆಲವಿದು ಎಂಬುದನ್ನು ಶಾಲೆಯ ಪಾಠಗಳು ಮಕ್ಕಳಿಗೆ ಹೇಳಬೇಕಿತ್ತು.

ಸೀಸೆಯೊಳಗಿನ ಪರಿಮಳವೂ ಇಲ್ಲಿಗೆ ಹೊಸತಲ್ಲ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಗೆ ಹೈದರಾಬಾದಿನ ಅತ್ತರು ಪರಿಚಿತ. ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವ ಹಿರಿಯರು ಈಗಲೂ ಇದ್ದಾರೆ. ಹೂವನ್ನು ನೀರಿನೊಂದಿಗೆ ತಾಮ್ರದ ಹಂಡೆಯಲ್ಲಿ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದ ಎಣ್ಣೆಯಿರುವ ಪಾತ್ರೆಗೆ ಇಳಿಸಿದರೆ ಎಣ್ಣೆಯು ಹೂವಿನ ಪರಿಮಳವನ್ನು ಹೀರಿಕೊಳ್ಳುತ್ತದೆ, ಅದೇ ಅತ್ತರು. ಉತ್ತರ ಪ್ರದೇಶದ ಕನೌಜಿನಲ್ಲಿ ಈ ಕೆಲಸ ಇಂದಿಗೂ ನಡೆದಿದೆ. ಅಲ್ಲಿನವರು ಹೂವಿನಂತೆಯೇ ಸುಟ್ಟ ಮಣ್ಣನ್ನೂ ಹಂಡೆಗೆ ಹಾಕಿ ‘ಮಿಟ್ಟಿ ಅತ್ತರ್’ ತೆಗೆಯುತ್ತಾರೆ, ಅದರಲ್ಲಿರುವುದು ಮೊದಲ ಮಳೆಯ ವಾಸನೆ.

ಈ ವಾಸನೆಗೆ 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ‘ಪೆಟ್ರಿಕೋರ್’ ಎಂದು ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್. ಒಣ ದಿನಗಳಲ್ಲಿ ಕಲ್ಲು ಮಣ್ಣುಗಳು ಹೀರಿಟ್ಟುಕೊಂಡ ಎಣ್ಣೆಯಂಥ ಪದಾರ್ಥಗಳು ತೇವ ತಾಗಿದೊಡನೆ ಬಿಡುಗಡೆಯಾಗುತ್ತವೆ ಎಂದು ಅವರು ವಿವರಿಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯಾಸ್ಮಿನ್ ಎಂಬ ವಸ್ತುವೂ ಇದಕ್ಕೆ ಸೇರುತ್ತದೆ. ಬೇಸಿಗೆ ದೀರ್ಘವಾದಷ್ಟೂ ನೆಲದ ಸಂಗ್ರಹ ಹೆಚ್ಚುತ್ತದೆ. ಮೇ ತಿಂಗಳ ಬಿಸಿಲಿಗೆ ಅಂಗೈ ತೂರುವಷ್ಟು ಬಿರುಕು ಬಿಟ್ಟ ದೇವದುರ್ಗ ಸೀಮೆಯ ಎರೆ ಹೊಲದ ಮೇಲೆ ರೋಹಿಣಿಯ ಮೊದಲ ದಪ್ಪ ಹನಿಗಳು ಬಿದ್ದಾಗ ಏಳುವ ಗಮಲು ಅಷ್ಟು ಗಾಢವಾಗಿರುವುದು ಈ ಕಾರಣಕ್ಕೆ, ಮತ್ತು ಆ ಗಮಲು ಮೂಗಿಗೆ ತಾಗಿದ ಒಕ್ಕಲಿಗ ಅಟ್ಟದ ಮೇಲಿನ ಕೂರಿಗೆಯನ್ನು ಕೆಳಗಿಳಿಸುತ್ತಾನೆ.