ಕೊಟ್ಟಿಗೆ ಅಟ್ಟದ ಹಿತ್ತಾಳೆ ತೋಟಾ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಚಿಕ್ಕಪ್ಪನ ಮಗ ಊರಿನಿಂದ ಫೋನ್ ಮಾಡಿದ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅವನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಹನ್ನೆರಡು ಬೋರಿನ ಕೋವಿ ಇದೆ.

"ಅಣ್ಣ, ತೋಟಾದ ಈಗಿನ ರೇಟು ಕೇಳಿದ್ರೆ ಒಂದು ಈಡು ಹೊಡೆಯೋಕೂ ಮನಸ್ಸು ಬರಲ್ಲ. ನಿಮ್ಮನೇಲಿ ದೊಡ್ಡಪ್ಪನ ಕಾಲದ ಹಿತ್ತಾಳೆ ತೋಟಾ ಇನ್ನೂ ಇದಾವಂತಲ್ಲ? ತಿಕ್ಕಿ ತೊಳೆದು ಮತ್ತೆ ತುಂಬಿದ್ರೆ ಆಗಲ್ವಾ? ಅಮೆರಿಕದವ್ರು ಮನೇಲೇ ಕೂತು ತುಂಬೋ ವಿಡಿಯೊ ನೋಡ್ದೆ. ನೀನು ಎಂಟೆಕ್ ಓದಿದೋನು, ಹೇಳು."

ನನ್ನ ಎಂಟೆಕ್ ಕಂಪ್ಯೂಟರ್ ಸೈನ್ಸಿನದು. ಹೆಂಡತಿಗೆ ಇಲ್ಲಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಬೆಂಗಳೂರಿನ ಕಂಪನಿಯ ಕೆಲಸವನ್ನು ವಾರಾಣಸಿಯ ಲಂಕಾದ ಬಾಡಿಗೆ ಮನೆಯಿಂದಲೇ ಮಾಡುತ್ತಿದ್ದೇನೆ. ಕೋವಿ, ಮದ್ದು, ಚರೆ ಇವುಗಳ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ: ಅಪ್ಪಯ್ಯನ ಬಲಗಣ್ಣಿನ ಕೆಳಗಿದ್ದ ಸುಟ್ಟ ಕಲೆ.

ಅದು ನಾನು ಹುಟ್ಟುವ ಮೊದಲಿನ ಕಥೆ. ಆಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಿತ್ತಾಳೆಯ ತೋಟಾವನ್ನು ಬಿಸಾಡುತ್ತಿರಲಿಲ್ಲ. ಹೊಡೆದದ್ದನ್ನು ಎತ್ತಿಟ್ಟುಕೊಂಡು ಹೊಸ ಕೇಪು ಕೂರಿಸಿ ಮತ್ತೆ ತುಂಬುತ್ತಿದ್ದರು. ಉಳಿತಾಯ ಅಂದರೆ ಉಳಿತಾಯ. ಹಾಗೆ ತುಂಬಿದ ಒಂದು ಈಡು ಕೋವಿಯ ಹಿಂಬದಿಯಿಂದ ಬೆಂಕಿ ಉಗುಳಿ ಅಪ್ಪಯ್ಯನ ಕೆನ್ನೆ ಸುಟ್ಟಿತು. ಕಣ್ಣು ಒಂದು ಬೆರಳಿನ ಅಂತರದಲ್ಲಿ ಉಳಿಯಿತು. "ಮದ್ದಿನ ಅಳತೆ ಗೊತ್ತಿಲ್ಲದವನು ಕೋವಿ ಮುಟ್ಟಬಾರದು" ಎಂದು ಅಜ್ಜಯ್ಯ ಊರವರ ಎದುರೇ ಬೈದರಂತೆ. ಅಪ್ಪಯ್ಯ ಎದುರಾಡಲಿಲ್ಲ, ಮತ್ತೆ ಕೋವಿ ಮುಟ್ಟಲೂ ಇಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ಕೋವಿಯನ್ನು ಆಗಲೇ ಠಾಣೆಗೆ ಒಪ್ಪಿಸಿದ್ದೆವು. ಹಳೆಯ ತೋಟಾಗಳ ನೆನಪು ಮಾತ್ರ ಯಾರಿಗೂ ಆಗಿರಲಿಲ್ಲ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ. "ಕೊಟ್ಟಿಗೆ ಅಟ್ಟದ ಮೇಲೆ ಹಾಳೆಯಲ್ಲಿ ಕಟ್ಟಿಟ್ಟಿದ್ರು ಮಾರಾಯ, ಹಾಗೇ ಇದೆ" ಎಂದರು. ಸಂಜೆ ಪಕ್ಕದ ಮನೆ ಹುಡುಗನಿಂದ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಹದಿನಾಲ್ಕು ತೋಟಾ. ಒಂದಕ್ಕೂ ಒಳಗೆ ಮದ್ದಿರಲಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದರೆ ಐದಾರರ ಬಾಯಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕು. ಪೆಟ್ಟು ಬಿದ್ದ ಗುರುತಿಲ್ಲ, ನೆಗ್ಗಿಲ್ಲ, ಸುಮ್ಮನೆ ಸೀಳಿದೆ.

ಹಿತ್ತಾಳೆಯ ವಿಷಯ ತಿಳಿಯಲು ವಾರಾಣಸಿಗಿಂತ ಒಳ್ಳೆಯ ಊರು ಬೇಕೆ? ಚೌಕದ ಹತ್ತಿರದ ಠಠೇರಿ ಬಜಾರ್ ಎಂದರೆ ನಮ್ಮ ಕಡೆಯ ಕಂಚುಗಾರ ಬೀದಿ. ಬಡಿಯುವ ಕೆಲಸ ಹೆಚ್ಚಾಗಿ ನಡೆಯುವುದು ಕಾಶೀಪುರದ ಗಲ್ಲಿಗಳಲ್ಲಿ. ಭಾನುವಾರ ಅಲ್ಲಿಗೆ ಹೋದೆ. ಒಬ್ಬ ಹಿರಿಯ ಕೆಲಸಗಾರರು ತಗಡು ಬಡಿದು ಕಲಶದ ಹೊಟ್ಟೆ ತೆಗೆಯುತ್ತಿದ್ದರು. ಒಂದಷ್ಟು ಹೊತ್ತು ಬಡಿದ ಮೇಲೆ ಶಬ್ದ ಬದಲಾಗುತ್ತದೆ. ಮೊದಲಿನ ಮಂದ ಸದ್ದು ಹೋಗಿ ಗಡುಸಾಗಿ ಠಣ್ ಎನ್ನುತ್ತದೆ. ಕೂಡಲೇ ಬಡಿಯುವುದು ನಿಲ್ಲಿಸಿ ಕುಲುಮೆಗೆ ಇಟ್ಟರು. ಕಾದು ಕೆಂಪಾದ ಮೇಲೆ ತೆಗೆದು, ಆರಿಸಿ, ಮತ್ತೆ ಬಡಿಯಲು ಕೂತರು.

ಯಾಕೆ ಎಂದು ಕೇಳಿದೆ. "ಬಡಿದಷ್ಟೂ ಪೀತಲ್ ಬಿಗಿಯುತ್ತೆ ಬಾಬು. ಬಿಗಿದದ್ದನ್ನ ಇನ್ನೂ ಬಡಿದ್ರೆ ಒಡೆಯುತ್ತೆ. ಕಾಯಿಸಿದ್ರೆ ಮೆತ್ತಗಾಗುತ್ತೆ" ಎಂದರು. ಅಮ್ಮ ಕಳಿಸಿದ ಫೋಟೊ ತೋರಿಸಿದೆ. ನಕ್ಕು, "ಖೋಕಾ ಹಿಡ್ಕೊಂಡು ಬಂದ್ಯಾ?" ಎಂದರು. ಖಾಲಿ ತೋಟಾಕ್ಕೆ ಇಲ್ಲಿನ ಹೆಸರು ಅದು. ಬಿರುಕು ನೋಡಿದ ಮೇಲೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರ ಅನ್ನಿಸಿತು. "ಇದನ್ನ ದನದ ಮನೆ ಹತ್ತಿರ ಇಟ್ಟಿದ್ರಾ?"

ಅವರಿಗೆ ಅದು ಅನುಭವದ ಮಾತು. ಅದರ ಹಿಂದಿನ ವಿಜ್ಞಾನ ಹುಡುಕಿದಾಗ ನಮ್ಮ ದೇಶದ್ದೇ ಒಂದು ಹಳೆಯ ಕಥೆ ಸಿಕ್ಕಿತು. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲ ಬಂದಾಗ ಕಾರ್ಯಾಚರಣೆ ಕಡಿಮೆ ಮಾಡಿ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು, ಅದರಲ್ಲೂ ಗುಂಡನ್ನು ಬಿಗಿಹಿಡಿಯುವ ಬಾಯಿಯ ಬಳಿ. ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಬಿತ್ತು. ಕಾರಣವನ್ನು ವಿವರಿಸಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು.

ತೋಟಾಕ್ಕೆ ಬಳಸುವ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬಿಲ್ಲೆಯೊಂದನ್ನು ಅಚ್ಚಿಗೆ ಒತ್ತಿ ಒತ್ತಿ ಕೊಳವೆಯಂತೆ ಎಳೆಯುತ್ತಾರೆ. ತಣ್ಣಗಿರುವಾಗಲೇ ಎಳೆದ ಲೋಹದ ಒಳಗೆ ಬಿಗಿತ ಉಳಿದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ ಮಳೆಗಾಲದ ತೇವದ ಜೊತೆ ಸೇರಿ ಆ ಬಿಗಿದ ಹಿತ್ತಾಳೆಯನ್ನು ಕಣಗಳ ಸಂದಿಯಲ್ಲೇ ತಿನ್ನುತ್ತದೆ. ಬಿಗಿತ, ತೇವ, ಅಮೋನಿಯಾ ಮೂರೂ ಕೂಡಿದರೆ ಬಿರುಕು. ಎಳೆದ ಮೇಲೆ ಹದವಾಗಿ ಕಾಯಿಸಿ ಒಳಗಿನ ಬಿಗಿತ ಇಳಿಸುವುದೇ ಇದಕ್ಕೆ ಪರಿಹಾರವಾಯಿತು. ಕಾಶೀಪುರದ ಹಿರಿಯರು ಕುಲುಮೆಯಲ್ಲಿ ಮಾಡುತ್ತಿದ್ದದ್ದು ಇದರ ಅಣ್ಣನಂಥ ಕೆಲಸ.

ನಾನು ದಿನಾ ಸಂಜೆ ವಾಕಿಂಗ್ ಹೋಗುವ ಆವರಣದಲ್ಲೇ, ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್ ಮೊದಲ ಕುಲಾಧಿಪತಿಯಾಗಿದ್ದ ಈ ವಿಶ್ವವಿದ್ಯಾಲಯದಲ್ಲೇ, 1923ರಲ್ಲಿ ದೇಶದ ಮೊದಲ ಲೋಹಶಾಸ್ತ್ರ ವಿಭಾಗ ಶುರುವಾಯಿತು. ಇಷ್ಟು ಹತ್ತಿರ ಇದ್ದೂ ನಮ್ಮ ಮನೆಯ ಅಟ್ಟದಲ್ಲಿದ್ದ ಲೋಹದ ಕಥೆ ತಿಳಿಯಲು ನನಗೆ ಇಷ್ಟು ವರ್ಷ ಹಿಡಿಯಿತು. ತೀರ್ಥಹಳ್ಳಿಯ ಮಳೆ, ಕೊಟ್ಟಿಗೆ ಅಟ್ಟ, ಕೆಳಗೆ ದನಗಳ ಗಂಜಲ. ಲಾಯದಲ್ಲಿ ಆದದ್ದು ನಮ್ಮ ಕೊಟ್ಟಿಗೆಯಲ್ಲೂ ಆಗಿದೆ.

ತಮ್ಮನಿಗೆ ಉತ್ತರ ಹೇಳಬೇಕಿತ್ತಲ್ಲ. ಮೂರು ಮಾತು ಹೇಳಿದೆ.

ಮೊದಲನೆಯದು ಕಾನೂನು. ಅಮೆರಿಕದಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳುವುದು ಒಂದು ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ತೋರಿಸಿದರೆ ಸಾಲದು. 'ಮದ್ದುಗುಂಡು' ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳು, ತಯಾರಿಸುವ ಯಂತ್ರಗಳು ಕೂಡ ಸೇರಿವೆ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ತೋಟಾದ ರೇಟು ಉಳಿಸಲು ಹೋಗಿ ಲಾಯರ್ ಫೀಸು ಕಟ್ಟುವುದು ಯಾವ ಲೆಕ್ಕ?

ಎರಡನೆಯದು ಆ ವಿಡಿಯೊಗಳು ಹೇಳುವ ಲೆಕ್ಕವೇ. ಅಲ್ಲಿನವರು ಒತ್ತುವ ಯಂತ್ರ, ಸೂಕ್ಷ್ಮ ತಕ್ಕಡಿ, ಅಳತೆಯ ಸಾಧನ ಎಲ್ಲಕ್ಕೂ ಮೊದಲು ಬಂಡವಾಳ ಹಾಕುತ್ತಾರೆ. ಸಾವಿರಗಟ್ಟಲೆ ಹೊಡೆಯುವವರಿಗೆ ಅದು ವಾಪಸ್ ಬರುತ್ತದೆ. ವರ್ಷಕ್ಕೆ ಹತ್ತು ಈಡು ಹೊಡೆದು ಹಂದಿ ಹೆದರಿಸುವವನಿಗೆ ಬರುವುದಿಲ್ಲ. ಹಿತ್ತಾಳೆ ಸಿದ್ಧಮಾಡುವುದು ಎಂದರೆ ಹುಣಸೆಹುಳಿ ಹಾಕಿ ಹೊಳೆಯಿಸುವುದೂ ಅಲ್ಲ. ಅಲ್ಲಿ ಪಳಗಿದವರು ಮೊದಲು ಮಾಡುವ ಕೆಲಸ ಒಂದೊಂದನ್ನೇ ಬೆಳಕಿಗೆ ಹಿಡಿದು, ಬಿರುಕು ಬಿಟ್ಟದ್ದನ್ನು, ಯಾವ ಕಾಲದ್ದೆಂದು ಗೊತ್ತಿಲ್ಲದ್ದನ್ನು ಗುಜರಿಗೆ ಎಸೆಯುವುದು.

ಮೂರನೆಯದು ಲೋಹದ ಮಾತು. ಈಡು ಹಾರಿದ ಕ್ಷಣ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಂಡು ಬಿಸಿಗಾಳಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಆಮೇಲೆ ತುಸು ಕುಗ್ಗುತ್ತದೆ, ಅದಕ್ಕೇ ಸುಲಭವಾಗಿ ಹೊರಗೆ ಬರುತ್ತದೆ. ಈ ಗುಣದಿಂದಲೇ ಅದನ್ನು ಮತ್ತೆ ಬಳಸಲು ಸಾಧ್ಯವಾಗಿದ್ದು. ಆದರೆ ಪ್ರತಿ ಸಲ ಹಿಗ್ಗಿದಾಗಲೂ ಕಲಶದ ತಗಡಿನಂತೆ ಒಂದಿಷ್ಟು ಗಡುಸಾಗುತ್ತದೆ. ಒಂದು ದಿನ ಸೀಳುತ್ತದೆ. ಸೀಳಿದ ತೋಟಾ ಗಾಳಿ ತಡೆಯುವುದಿಲ್ಲ. ತಡೆಯದ ಬಿಸಿಗಾಳಿ ಬರುವುದು ಕೋವಿ ಹಿಡಿದವನ ಮುಖಕ್ಕೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ದೊಡ್ಡಪ್ಪನಿಗೆ ಆಗಿದ್ದು..." ಎಂದು ನಿಲ್ಲಿಸಿದ.

ಅಷ್ಟು ವರ್ಷದ ಹಿಂದೆ ಸಿಡಿದ ಆ ಒಂದು ತೋಟಾ ಈಗ ಯಾರ ಬಳಿಯೂ ಇಲ್ಲ. ಮದ್ದು ಜಾಸ್ತಿಯಾಗಿತ್ತೋ, ತೋಟಾ ಸೀಳಿತ್ತೋ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅದೇ ಕಟ್ಟಿನ ಹದಿನಾಲ್ಕರಲ್ಲಿ ಐದಾರು ಸೀಳಿವೆ. ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ ಮೂಲ ಕಾರಣ ಹುಡುಕದೆ ಕೊನೆಗೆ ಮುಟ್ಟಿದವನ ಮೇಲೆ ತಪ್ಪು ಹೊರಿಸಬಾರದು ಎನ್ನುತ್ತೇವೆ. ಅಪ್ಪಯ್ಯನ ಮೇಲೆ ನಾವೆಲ್ಲ ಹೊರಿಸಿದ್ದೆವು. ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ 'ಅಳತೆ ಗೊತ್ತಿಲ್ಲದವರು' ಎಂದು ನಾನೂ ತಮಾಷೆ ಮಾಡಿದ್ದೇನೆ. ಅವರು ನಗುತ್ತಿದ್ದರು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮೋನಿಯಾ, ಲಾಯ ಯಾವುದನ್ನೂ ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. "ಅಡಿಕೆ ತೂಗುವಾಗ ಒಂದು ಹಿಡಿ ಹೆಚ್ಚುಕಮ್ಮಿ ಮಾಡಿದವರಲ್ಲ ಅವರು. ಅಳತೆ ತಪ್ಪಿತ್ತು ಅಂದ್ರೆ ನಾನು ಯಾವತ್ತೂ ನಂಬಿರಲಿಲ್ಲ" ಎಂದರು. ಆಮೇಲೆ, "ನಿನ್ನಜ್ಜಯ್ಯನಿಗೆ ಹೇಳೋರು ಯಾರು?" ಎಂದರು.

ಊರು ಬಿಟ್ಟು ಬಂದವರ ಹಳೆಯ ಮನೆಗಳಲ್ಲಿ ಇಂಥ ವಸ್ತುಗಳು ಇನ್ನೂ ಇರಬಹುದು. ನೆನಪಿಗೆಂದು ಒಂದು ಖಾಲಿ ತೋಟಾವನ್ನು ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತಲು ಹೋಗಬೇಡಿ. ಸ್ಕ್ಯಾನರಿನಲ್ಲಿ ಸಿಕ್ಕರೆ ಪ್ರಯಾಣವೂ ತಪ್ಪುತ್ತದೆ, ಪೊಲೀಸ್ ಕೇಸೂ ಆಗಬಹುದು. ನಾನು ಫೋಟೊ ಮಾತ್ರ ತರಿಸಿಕೊಂಡದ್ದು ಅದಕ್ಕೇ. ಪರವಾನಗಿ ಇರುವವರು ಅಧಿಕೃತ ಅಂಗಡಿಯಿಂದ ರಸೀದಿ ಸಮೇತ ಕೊಂಡು, ಕೊಟ್ಟಿಗೆ ಮತ್ತು ಗೊಬ್ಬರದ ಕೋಣೆಯಿಂದ ದೂರ, ಒಣಗಿದ ಜಾಗದಲ್ಲಿ ಬೀಗ ಹಾಕಿ ಇಡಲಿ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗಳನ್ನೂ ಕೊಟ್ಟಿಗೆಯ ಹತ್ತಿರ ಇಡಬೇಡಿ. ಗುರಿ ಹೊಡೆಯುವ ಆಸೆ ಇದ್ದು ಕೈಯಲ್ಲಿ ಕಾಸು ಕಡಿಮೆ ಇದ್ದರೆ ಹತ್ತು ಮೀಟರಿನ ಏರ್ ರೈಫಲ್ ಕಲಿಸುವ ಕ್ಲಬ್ಬಿಗೆ ಸೇರಿ. ಅದರಲ್ಲಿ ಮದ್ದೂ ಇಲ್ಲ, ತೋಟಾವೂ ಇಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ಸ್ ಚಿನ್ನ ಗೆದ್ದದ್ದು ಅದರಲ್ಲೇ.

ಹದಿನೈದು ದಿನ ಬಿಟ್ಟು ತಮ್ಮ ಆ ಹದಿನಾಲ್ಕನ್ನೂ ಅಮ್ಮನ ಪತ್ರದ ಜೊತೆ ಠಾಣೆಗೆ ಒಪ್ಪಿಸಿ ಬಂದ. ಹಿಂಬರಹದ ಫೋಟೊ ಕಳಿಸಿದ್ದ. ಎಣಿಕೆ, ದಿನಾಂಕ, ಸಹಿ, ಎಲ್ಲ ಸರಿಯಾಗಿತ್ತು. ಕೆಳಗೆ ಬರೆದಿದ್ದ: "ಅಣ್ಣ, ಈ ಸಲ ಅಂಗಡಿಯಿಂದಲೇ ಐದು ತಂದೆ. ರೇಟು ಜಾಸ್ತಿಯೇ."